ಕ್ಷಯದ ಮಾತ್ರೆ ನಡುವೆ ನಿಲ್ಲಬಾರದು



ದೀಪಾವಳಿ ಕಳೆದು ಅರೇಬಿಕಾ ಹಣ್ಣು ಕೆಂಪಾಗತೊಡಗಿತೆಂದರೆ ನಮ್ಮ ಕಡೆ ಇಬ್ಬರು ಬೆಳೆಗಾರರು ಎದುರಾದಾಗ ಆಡುವ ಮೊದಲ ಮಾತು ಕ್ಷೇಮಸಮಾಚಾರದ್ದಲ್ಲ, "ಆಳು ಬಂದರೇ?" ಎಂಬುದು. ಊರಿನ ಆಳುಗಳಿಂದಲೇ ಕೊಯ್ಲು ಮುಗಿಯುತ್ತಿದ್ದ ಕಾಲ ಹೋಗಿ ಬಹಳ ವರ್ಷಗಳಾದವು. ಈಗ ಅಸ್ಸಾಮಿನ ಕಡೆಯವರೂ ಬರುತ್ತಾರೆ. ಆದರೆ ಭಾಷೆ ತಿಳಿಯುವ, ಸಂಸಾರಸಮೇತ ಬಂದು ಲೈನುಮನೆಯಲ್ಲಿ ಒಲೆ ಹೂಡಿ ನಿಲ್ಲುವ ಜನವೆಂದರೆ ಬಯಲುಸೀಮೆಯವರೇ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯಿಂದ ಮೇಸ್ತ್ರಿಯ ಹಿಂದೆ ಗುಂಪುಗುಂಪಾಗಿ ಬಂದಿಳಿಯುತ್ತಾರೆ. ಜೋಳದ ಹಿಟ್ಟಿನ ಗಂಟು, ರೊಟ್ಟಿಯ ಹಂಚು, ಕಂಬಳಿ, ಕಂಕುಳಲ್ಲಿ ಕೂಸು. ಕೆಲವರ ಗಂಟಿನಲ್ಲಿ ಇನ್ನೊಂದು ವಸ್ತುವೂ ಇರುತ್ತದೆ. ಅದನ್ನು ಅವರು ಯಜಮಾನರಿಗಾಗಲಿ ರೈಟರಿಗಾಗಲಿ ತೋರಿಸುವುದಿಲ್ಲ. ಅದು ಕ್ಷಯರೋಗದ ಮಾತ್ರೆಯ ಪಟ್ಟಿ.

ಆ ಪಟ್ಟಿ ಮುಗಿದ ದಿನ ಮುಂದಿನದು ಎಲ್ಲಿಂದ ಬರಬೇಕು, ಯಾರು ಕೊಡಬೇಕು, ಕೊಡಬೇಕಾದವರ ಬಳಿ ದಾಸ್ತಾನು ಇದೆಯೇ ಎಂಬ ವಿಚಾರವನ್ನು ನಮ್ಮ ಸಂಘದ ಪತ್ರಿಕೆಯಲ್ಲಿ ಎತ್ತುವುದು ಉಚಿತವೇ ಎಂದು ಕೆಲವರು ಕೇಳಬಹುದು. ಮೈಲುತುತ್ತದ ಧಾರಣೆ, ಎಲೆಚುಕ್ಕಿ ರೋಗ, ಮಂಡಳಿಯ ಸುತ್ತೋಲೆ ಇವುಗಳ ನಡುವೆ ಇದೇಕೆ ಎನ್ನಬಹುದು. ಆಳಿನ ಕೊರತೆಯ ಬಗ್ಗೆ ಪ್ರತಿ ಸಭೆಯಲ್ಲೂ ಎರಡು ತಾಸು ಮಾತನಾಡುವ ನಾವು ಆಳಿನ ಆರೋಗ್ಯದ ಬಗ್ಗೆ ಹತ್ತು ನಿಮಿಷವಾದರೂ ಮಾತನಾಡುವುದು ಅನುಚಿತವಾಗಲಾರದು ಎಂದು ನನ್ನ ಭಾವನೆ.

ಮೊದಲು ಆ ಊರುಗಳ ವಿಚಾರ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಆಗ ಇದ್ದದ್ದು ಈ ನಾಲ್ಕೇ ತಾಲ್ಲೂಕುಗಳು. ಕಾರಟಗಿ, ಕನಕಗಿರಿ, ಕುಕನೂರುಗಳು ಬಳಿಕ ತಾಲ್ಲೂಕುಗಳಾದವು. ಗಂಗಾವತಿಗೆ ತುಂಗಭದ್ರಾ ಎಡದಂಡೆ ನಾಲೆಯ ನೀರುಂಟು, ಭತ್ತವುಂಟು, ಅಕ್ಕಿ ಗಿರಣಿಗಳುಂಟು. ಕುಷ್ಟಗಿ, ಯಲಬುರ್ಗಾಗಳ ಪಾಡು ಬೇರೆ. ಅಲ್ಲಿ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಒಕ್ಕಲುತನ. ಜೋಳ, ಸಜ್ಜೆ, ಕಡಲೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಕಟ್ಟೆಯ ಮೇಲೆ ಬಿಟ್ಟು ಗುಳೆ ಹೋಗುವುದು ಅಲ್ಲಿಯ ವಾಡಿಕೆ. ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಕೆಲವರು ಮಂಗಳೂರು, ಗೋವೆಗಳಿಗೆ, ಮತ್ತೆ ಕೆಲವರು ಸುಮಾರು ಮುನ್ನೂರು ಕಿಲೋಮೀಟರು ದೂರದ ನಮ್ಮ ತೋಟಗಳಿಗೆ. ಊಟ ಸಾಲದ ಮೈ, ಗಾಳಿಯಾಡದ ಒಂದೇ ಕೋಣೆಯಲ್ಲಿ ಏಳೆಂಟು ಜನರ ಮಲಗಾಟ, ಕಲ್ಲಿನ ದೂಳಿನಲ್ಲಿ ದುಡಿದ ಪುಪ್ಪುಸ, ಇವು ಕ್ಷಯಕ್ಕೆ ಹದವಾದ ನೆಲ. ನಮ್ಮ ಲೈನುಮನೆಗಳ ಕಿಟಕಿಗಳನ್ನು ಒಮ್ಮೆ ಹೋಗಿ ನೋಡಿ ಬಂದರೆ ಆ ನೆಲಕ್ಕೆ ಗೊಬ್ಬರ ಹಾಕುವವರಲ್ಲಿ ನಾವೂ ಇದ್ದೇವೆಂಬುದು ತಿಳಿದೀತು.

ರೋಗ ಗುಣವಾಗದ್ದಲ್ಲ. ಒಂದು ಕಾಲದಲ್ಲಿ ಗುಣವಾಗುತ್ತಿರಲಿಲ್ಲ. ಅನುಕೂಲವಿದ್ದವರು ಮದನಪಲ್ಲಿಯಂಥ ಸ್ಯಾನಿಟೋರಿಯಮ್ಮುಗಳಿಗೆ ಹೋಗಿ ತಿಂಗಳುಗಟ್ಟಲೆ ಮಲಗುತ್ತಿದ್ದರು. ಇಲ್ಲದವರು ಮನೆಯ ಹಿತ್ತಲಿನಲ್ಲಿ ಸಾಯುತ್ತಿದ್ದರು. ಮದ್ರಾಸಿನ ಸಂಶೋಧಕರು 1959ರಲ್ಲಿ ಒಂದು ದೊಡ್ಡ ಸಂಗತಿಯನ್ನು ಜಗತ್ತಿಗೆ ತೋರಿಸಿಕೊಟ್ಟರು. ಮಾತ್ರೆಯನ್ನು ಕ್ರಮವಾಗಿ ನುಂಗಿದರೆ ಗುಡಿಸಲಿನಲ್ಲಿದ್ದ ರೋಗಿಯೂ ಸ್ಯಾನಿಟೋರಿಯಮ್ಮಿನಲ್ಲಿದ್ದ ರೋಗಿಯಷ್ಟೇ ಚೆನ್ನಾಗಿ ಗುಣವಾಗುತ್ತಾನೆ ಎಂಬುದೇ ಆ ಸಂಗತಿ. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1962ರಲ್ಲಿ ದೇಶಕ್ಕೊಂದು ಕಾರ್ಯಕ್ರಮವೂ ಬಂದಿತು. ಅಂದಿನಿಂದ ಕ್ಷಯದ ಚಿಕಿತ್ಸೆಯೆಂದರೆ ಹಾಸಿಗೆಯ ಪ್ರಶ್ನೆಯಲ್ಲ, ಸರಬರಾಜಿನ ಪ್ರಶ್ನೆ. ಸರಿಯಾದ ಮಾತ್ರೆ, ಸರಿಯಾದ ತೂಕಕ್ಕೆ, ಒಂದು ದಿನವೂ ತಪ್ಪದಂತೆ ರೋಗಿಯ ಕೈಗೆ ಮುಟ್ಟುವುದೇ ಅರ್ಧ ವೈದ್ಯ.

ಇದರ ಲೆಕ್ಕ ಬಹಳ ಸರಳ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಿಗಳು ಒಂದೇ ಮಾತ್ರೆಯಲ್ಲಿ. ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ದಿನಕ್ಕೆ ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ ಹೋಗುತ್ತದೆ. ನಮ್ಮ ತೋಟಕ್ಕೆ ಬರುವ ಒಬ್ಬ ಹೆಣ್ಣಾಳು 45 ಕಿಲೋ ತೂಗಿದರೆ ಆಕೆಗೆ ದಿನಕ್ಕೆ 3 ಮಾತ್ರೆ. 28 ದಿನದ ತಿಂಗಳಿನಂತೆ 168 ದಿನಕ್ಕೆ ಒಟ್ಟು 504 ಮಾತ್ರೆ. ಇಷ್ಟು ಮಾತ್ರೆ ಒಂದು ಸಣ್ಣ ಕೈಚೀಲದಲ್ಲಿ ಹಿಡಿಯುತ್ತದೆ. ಒಂದು ಜೀವ ಉಳಿಯುವುದು, ಅದರ ಸುತ್ತಲಿನ ಹತ್ತು ಜನಕ್ಕೆ ರೋಗ ಹಬ್ಬದಿರುವುದು ಈ ಕೈಚೀಲ ತುಂಬುವುದರ ಮೇಲೆ ನಿಂತಿದೆ.

ನಡುವೆ ಬಿಟ್ಟರೆ ಏನಾಗುತ್ತದೆಂಬುದನ್ನು ಅಡಿಕೆ ಬೆಳೆಗಾರರಿಗೆ ನಾನು ವಿವರಿಸಿ ಹೇಳಬೇಕಾಗಿಲ್ಲ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ ಹೊಡೆದು, ನಲವತ್ತು ನಲವತ್ತೈದು ದಿನ ಕಳೆದ ಮೇಲೆ ಎರಡನೆಯ ಸಲ ಹೊಡೆಯದೆ ಬಿಟ್ಟವನ ತೋಟದಲ್ಲಿ ಕೊಳೆರೋಗ ಹೇಗೆ ಕುಣಿಯುತ್ತದೆ ಎಂಬುದನ್ನು ಎಲ್ಲರೂ ಕಂಡಿದ್ದೇವೆ. ಕ್ಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಡು ಆಗುತ್ತದೆ. ಎರಡು ತಿಂಗಳು ಮಾತ್ರೆ ನುಂಗಿದವನಿಗೆ ಕೆಮ್ಮು ನಿಂತು ಮೈಗೆ ಕಸುವು ಬಂದಿರುತ್ತದೆ; ಆದರೆ ಒಳಗೆ ಉಳಿದ ಕ್ರಿಮಿಗಳು ಸತ್ತಿರುವುದಿಲ್ಲ. ಔಷಧಿ ಅರೆಬರೆಯಾಗಿ, ಒಂದಿದ್ದರೆ ಇನ್ನೊಂದಿಲ್ಲದ ಹಾಗೆ ಸಿಕ್ಕಿತೆಂದರೆ ಬದುಕಿಕೊಂಡವು ಔಷಧಿಗೆ ಬಗ್ಗದ ಕ್ರಿಮಿಗಳಾಗುತ್ತವೆ. ಮುಂದೆ ಅವನ ಕೆಮ್ಮಿನಿಂದ ಇನ್ನೊಬ್ಬನಿಗೆ ಹತ್ತುವುದು ಆ ಬಗ್ಗದ ಕ್ಷಯವೇ. ಅದಕ್ಕೆ ಬೆಡಾಕ್ವಿಲಿನ್, ಲಿನೆಜೋಲಿಡ್ ಮೊದಲಾದ ಬೇರೆ ಔಷಧಿಗಳು ಬೇಕು. ಕೆಲವರಿಗೆ ಒಂದೂವರೆ ಎರಡು ವರ್ಷ ನುಂಗಬೇಕಾಗಿ ಬಂದದ್ದುಂಟು. ಆರು ತಿಂಗಳಲ್ಲಿ ಮುಗಿಸುವ ಹೊಸ ಕ್ರಮಕ್ಕೆ ಕೇಂದ್ರ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಸಂತೋಷ, ಆದರೆ ಹೊಸ ಔಷಧಿಯೂ ಸರಬರಾಜಾಗಲೇಬೇಕಷ್ಟೆ.

"ಈ ಜನ ಮಾತ್ರೆಯನ್ನು ನಡುವೆ ಬಿಟ್ಟುಬಿಡುತ್ತಾರೆ, ಕುಡಿಯುತ್ತಾರೆ, ಹೇಳಿದ್ದು ಕೇಳುವುದಿಲ್ಲ" ಎಂಬ ಮಾತು ನಮ್ಮ ಜಗಲಿಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಇದಕ್ಕೆ ಉತ್ತರವನ್ನು ನಮ್ಮ ರಾಜ್ಯದವರೇ ಅರುವತ್ತು ವರ್ಷಗಳ ಹಿಂದೆ ಕೊಟ್ಟಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ತಗುಲಿದವರನ್ನು ಮಾತನಾಡಿಸಿ 1963ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಹಳ್ಳಿಯವನಿಗೆ ರೋಗದ ಅರಿವೇ ಇರುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಅವರು ಕಂಡದ್ದು ಬೇರೆ. ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆ ಬೇಡಿ ಹೋಗಿಯೂ ಬಂದಿದ್ದರು. ಕ್ಷಯಕ್ಕೆ ತಕ್ಕ ಔಷಧಿ ಮಾತ್ರ ಅವರಿಗೆ ಸಿಕ್ಕಿರಲಿಲ್ಲ. ರೋಗಿ ಬಾಗಿಲಿಗೆ ಬಂದಿದ್ದ, ಬಾಗಿಲ ಒಳಗೆ ಮದ್ದಿರಲಿಲ್ಲ. ಈ ಒಂದು ಮಾತನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳ ಗೋಡೆಗಳ ಮೇಲೆ ಬರೆಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಂದು ಬಾಗಿಲ ಒಳಗೆ ಮದ್ದು ಇರುವುದು ಹೇಗೆ? ಕ್ಷಯದ ಮಾತ್ರೆಯನ್ನು ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಟ್ಟಾಗಿ ಖರೀದಿಸುತ್ತದೆ. ಅದು ಕೇಂದ್ರದ ಉಗ್ರಾಣದಿಂದ ರಾಜ್ಯದ ಉಗ್ರಾಣಕ್ಕೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕು ಘಟಕಕ್ಕೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಕಡೆಗೆ ಆಶಾ ಕಾರ್ಯಕರ್ತೆಯ ಚೀಲದ ಮೂಲಕ ರೋಗಿಯ ಕೈಗೆ ಬರುತ್ತದೆ. ಎಲ್ಲ ಹಂತದಲ್ಲೂ ಮುಂದಿನ ಕೆಲವು ತಿಂಗಳಿಗೆ ಸಾಲುವಷ್ಟು ಇಟ್ಟಿರಬೇಕೆಂಬ ನಿಯಮವಿದೆ. ಒಟ್ಟಾಗಿ ಕೊಳ್ಳುವುದರಿಂದ ಬೆಲೆ ಇಳಿಯುತ್ತದೆ, ಗುಣ ಪರೀಕ್ಷೆಯಾಗುತ್ತದೆ, ರೋಗಿಗೆ ಉಚಿತವಾಗಿ ಸಿಗುತ್ತದೆ. ಸಹಕಾರಿಗಳಾದ ನಾವು ಇದನ್ನು ಮೆಚ್ಚಬೇಕಾದ್ದೇ. ಆದರೆ ಒಂದೇ ಕೊಳ್ಳುವವನಿದ್ದಾಗಿನ ಅಪಾಯವನ್ನೂ ನಾವು ಬಲ್ಲೆವು. ಧಾರಣೆ ನೆಲಕಚ್ಚಿದ ಕಾಲದಲ್ಲಿ ವ್ಯಾಪಾರಿ ಬಾಗಿಲು ಹಾಕಿಕೊಂಡರೆ ಅಡಿಕೆಯನ್ನು ಏನು ಮಾಡಬೇಕೆಂದು ತಿಳಿಯದೆ ಕುಳಿತ ಅನುಭವದಿಂದಲೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು. ಔಷಧಿಯ ವಿಚಾರದಲ್ಲಿಯೂ ಹಾಗೆಯೇ: ದೆಹಲಿಯಲ್ಲಿ ಟೆಂಡರು ಮೂರು ತಿಂಗಳು ತಡವಾದರೆ ದೇಶದ ಎಲ್ಲ ಉಗ್ರಾಣಗಳೂ ಒಟ್ಟಿಗೇ ಬರಿದಾಗುತ್ತವೆ. ಪಕ್ಕದ ಜಿಲ್ಲೆಯಿಂದ ಸಾಲ ತರೋಣವೆಂದರೆ ಪಕ್ಕದ ಜಿಲ್ಲೆಯಲ್ಲೂ ಇರುವುದಿಲ್ಲ.

ಇದು ಬರಿಯ ಊಹೆಯಲ್ಲ. 2013ರಲ್ಲಿ ಮಕ್ಕಳ ಕ್ಷಯದ ಔಷಧಿಗೆ ದೇಶದಲ್ಲಿ ಕೊರತೆ ಬಿದ್ದಿತು. 2023ರಲ್ಲಿ ಬಗ್ಗದ ಕ್ಷಯದ ಔಷಧಿಗಳು ಸಿಗುತ್ತಿಲ್ಲವೆಂದು ರೋಗಿಗಳು ಕೂಗಿದರು. ಆ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಪತ್ರಿಕಾ ಹೇಳಿಕೆ ಕೊಟ್ಟು ವರದಿಗಳು ದಾರಿತಪ್ಪಿಸುವಂಥವು, ಸಾಮಾನ್ಯ ಕ್ಷಯದ ಮಾತ್ರೆಯಂತೂ ಆರು ತಿಂಗಳಿಗೂ ಮೀರಿ ದಾಸ್ತಾನಿದೆ ಎಂದಿತು. ಸದಸ್ಯರು ದಯವಿಟ್ಟು ಬೆರಳು ಮಡಚಿ ಎಣಿಸಬೇಕು. ಸೆಪ್ಟೆಂಬರಿನಿಂದ ಆರು ತಿಂಗಳೆಂದರೆ ಮಾರ್ಚ್. 2024ರ ಮಾರ್ಚ್ 18ರಂದು ಕೇಂದ್ರ ಕ್ಷಯರೋಗ ವಿಭಾಗ ಎಲ್ಲ ರಾಜ್ಯಗಳಿಗೆ ಪತ್ರ ಬರೆಯಿತು. ಅನಿರೀಕ್ಷಿತ ಕಾರಣಗಳಿಂದ ಮಾತ್ರೆಯ ಸರಬರಾಜು ತಡವಾಗಬಹುದು. ಮೂರು ತಿಂಗಳ ಮಟ್ಟಿಗೆ ರಾಜ್ಯಗಳೇ ಸ್ಥಳೀಯವಾಗಿ ಕೊಂಡುಕೊಳ್ಳಲಿ, ಜಿಲ್ಲೆಗಳಿಗೂ ಕೊಳ್ಳುವ ಅಧಿಕಾರ ಕೊಡಲಿ. ಅದೂ ಆಗದಿದ್ದಲ್ಲಿ ರೋಗಿ ತಾನೇ ಕೊಂಡು ಹಣವನ್ನು ವಾಪಸು ಪಡೆಯಲಿ ಎಂಬುದು ಪತ್ರದ ಸಾರಾಂಶ. ದಾಸ್ತಾನಿದೆ ಎಂದದ್ದು ಸುಳ್ಳಾಗಿರಲಿಕ್ಕಿಲ್ಲ. ಕಣಜದಲ್ಲಿ ಆರು ತಿಂಗಳ ಕಾಳಿದೆ ಎಂದು ಹೇಳಿ, ಬಿತ್ತನೆ ಮಾಡದೆ ಕುಳಿತವನ ಮಾತಿನಂತಾಯಿತು ಅದು.

ರೋಗಿ ತಾನೇ ಕೊಂಡು ಹಣ ವಾಪಸು ಪಡೆಯಲಿ ಎಂದು ಬರೆದವರು ಲೈನುಮನೆಯ ಆಳನ್ನು ಕಂಡವರಲ್ಲ. ಮೊದಲಾಗಿ, ಸರ್ಕಾರವೇ ಪುಕ್ಕಟೆ ಕೊಡುವ ಮಾತ್ರೆಯನ್ನು ನಮ್ಮ ಹೋಬಳಿಯ ಅಂಗಡಿಯವನು ಏಕೆ ತಂದಿಡಬೇಕು? ಎರಡನೆಯದಾಗಿ, 2014ರಿಂದ ಕ್ಷಯದ ಔಷಧಿಗಳನ್ನು ವೈದ್ಯರ ಚೀಟಿ ನೋಡಿ, ಪುಸ್ತಕದಲ್ಲಿ ಹೆಸರು ದಾಖಲಿಸಿಯೇ ಮಾರಬೇಕೆಂಬ ನಿಯಮವಿದೆ. ಒಳ್ಳೆಯ ನಿಯಮವೇ ಸರಿ. ಆದರೆ ಚೀಟಿಗೊಂದು ದಿನ, ಅಂಗಡಿಗೊಂದು ದಿನವೆಂದು ಎರಡು ದಿನದ ಕೂಲಿ ಕಳೆದುಕೊಂಡವನು ಬಿಲ್ಲು ಹಿಡಿದು ಯಾವ ಕಛೇರಿಯ ಮುಂದೆ ನಿಲ್ಲಬೇಕು? ಇಲ್ಲಿಯದೋ, ಕೊಪ್ಪಳದ್ದೋ?

ಆ ಮಾರ್ಚಿನ ಕೊನೆಗೆ ನಮ್ಮಲ್ಲಿ ರೊಬಸ್ಟಾ ಕೊಯ್ಲು ಮುಗಿಯುತ್ತಿತ್ತು. ಕುಷ್ಟಗಿ ಕಡೆಯ ಒಬ್ಬ ಆಳು ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದವನು ಹಣ ಎಣಿಸಿಕೊಂಡ ಮೇಲೂ ಹೊರಡದೆ ನಿಂತ. ಏನೆಂದು ಕೇಳಿದೆ. "ಧಣ್ಯಾರ, ತಿಂಗಳದ್ದು ಕೊಡೂದು ಬಿಟ್ಟು ಏಳ ದಿನದ್ದ ಗುಳಿಗಿ ಕೊಟ್ಟಾರ್ರಿ. ಮುಗದ ಮ್ಯಾಲ ಮತ್ತ ಬಾ ಅಂದಾರ. ನಾ ನಾಳಿ ಊರಿಗೆ ಹೊಂಟೀನಿ, ಮತ್ತ ಎಲ್ಲಿಗೆ ಬರ್ಲಿ?" ಎಂದ. ನಾಲ್ಕು ತಿಂಗಳು ನಮ್ಮ ತೋಟದಲ್ಲಿ ಹಣ್ಣು ಕೊಯ್ದವನಿಗೆ ಕ್ಷಯವಿದೆಯೆಂಬುದು ನನಗೆ ತಿಳಿದದ್ದು ಅಂದೇ. ಔಷಧಿ ಕೊಟ್ಟ ಕೇಂದ್ರದ ಸಿಬ್ಬಂದಿಯನ್ನು ವಿಚಾರಿಸಿದಾಗ, ಇದ್ದುದನ್ನು ಎಲ್ಲರಿಗೂ ಹಂಚುತ್ತಿದ್ದೇವೆ, ಒಬ್ಬನಿಗೇ ತಿಂಗಳದ್ದು ಕೊಟ್ಟರೆ ಇನ್ನೊಬ್ಬನಿಗೆ ಇಲ್ಲವಾಗುತ್ತದೆ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಅವನ ಊರಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿಸಿ ವ್ಯವಸ್ಥೆಯಾಗುವಷ್ಟರಲ್ಲಿ ನಡುವೆ ಐದು ದಿನ ಬರಿದಾಗಿ ಹೋದವು.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವುದು ಹಳೆಯ ಕೆಂಪು ಪೆಟ್ಟಿಗೆ. 1997ರಲ್ಲಿ ಆರಂಭವಾಗಿ 2006ರ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿದ ಪರಿಷ್ಕೃತ ಕ್ಷಯ ಕಾರ್ಯಕ್ರಮದಲ್ಲಿ ರೋಗಿಗೆ ಒಂದೊಂದು ಪೆಟ್ಟಿಗೆ ಇತ್ತು. ಹೊಸ ರೋಗಿಗೆ ಕೆಂಪು, ಮರುಚಿಕಿತ್ಸೆಯವರಿಗೆ ನೀಲಿ. ಚಿಕಿತ್ಸೆ ಆರಂಭಿಸಿದ ದಿನವೇ ಆತನ ಪೂರ್ತಿ ಅವಧಿಯ ಔಷಧಿಯಿದ್ದ ಪೆಟ್ಟಿಗೆಯ ಮೇಲೆ ಅವನ ಹೆಸರು ಬರೆದು ತೆಗೆದಿಡುತ್ತಿದ್ದರು. ಉಗ್ರಾಣದಲ್ಲಿ ಮುಂದೆ ಏನೇ ಬರಿದಾಗಲಿ, ಆರಂಭಿಸಿದವನ ಮಾತ್ರೆ ಆರಂಭಿಸಿದವನದೇ. ಅದು ಸರ್ಕಾರಿ ವ್ಯವಸ್ಥೆಯಲ್ಲಿ ನಾನು ಕಂಡ ಅತ್ಯಂತ ಬುದ್ಧಿವಂತಿಕೆಯ ಏರ್ಪಾಟುಗಳಲ್ಲಿ ಒಂದು. 2017ರಲ್ಲಿ ವಾರಕ್ಕೆ ಮೂರು ದಿನ ನುಂಗುವ ಕ್ರಮ ಹೋಗಿ ದಿನವೂ ನುಂಗುವ ಕ್ರಮ ಬಂದಿತು. ವೈದ್ಯದೃಷ್ಟಿಯಿಂದ ಅದು ಒಳ್ಳೆಯ ಬದಲಾವಣೆ. ಅದರ ಬಗ್ಗೆ ತಕರಾರಿಲ್ಲ. ತೂಕಕ್ಕೆ ತಕ್ಕಂತೆ ಪಟ್ಟಿ ಎಣಿಸಿ ಕೊಡುವ ಪದ್ಧತಿ ಬಂದಾಗ ಪೆಟ್ಟಿಗೆ ಮಾತ್ರ ಮರೆಯಾಯಿತು. ಪೆಟ್ಟಿಗೆಯೊಡನೆ ಅದರೊಳಗಿನ ಭರವಸೆಯೂ ಹೋಯಿತು. ಈಗ ರೋಗಿಗೆ ಸಿಗುವುದು ಉಗ್ರಾಣದಲ್ಲಿ ಆ ದಿನ ಇದ್ದುದರ ಪಾಲು.

ನನ್ನ ಬೇಡಿಕೆ ಇಷ್ಟೇ. ಮಾತ್ರೆ ಹೊಸದಾಗಿಯೇ ಇರಲಿ, ಪಟ್ಟಿಯಾಗಿಯೇ ಇರಲಿ; ಚಿಕಿತ್ಸೆ ಆರಂಭವಾದ ದಿನವೇ ಆ ರೋಗಿಯ ಪೂರ್ತಿ ಆರು ತಿಂಗಳ ಮಾತ್ರೆಯನ್ನು ಅವನ ಹೆಸರಿನಲ್ಲಿ ತಾಲ್ಲೂಕು ಘಟಕದಲ್ಲಿ ಬೇರೆ ತೆಗೆದಿಡಬೇಕು. ಅಷ್ಟು ತೆಗೆದಿಡಲು ದಾಸ್ತಾನು ಸಾಲದಾಯಿತೆಂದರೆ ಕೊರತೆ ಆ ದಿನವೇ ಮೇಲಿನವರಿಗೆ ಗೋಚರವಾಗುತ್ತದೆ, ಐದು ತಿಂಗಳು ಮೊದಲೇ. ಈಗ ಅದು ಗೋಚರವಾಗುವುದು ರೋಗಿ ಬರಿಗೈಯಲ್ಲಿ ಹಿಂದಿರುಗಿದಾಗ. ಮೈಲುತುತ್ತವನ್ನು ನಮ್ಮ ಸಂಘ ಮುಂಗಾರಿಗೆ ಮೊದಲೇ ತರಿಸಿ, ಸದಸ್ಯರ ಎಕರೆ ಲೆಕ್ಕದಲ್ಲಿ ಎರಡೂ ಸಿಂಪಡಣೆಗೆ ಸಾಕಾಗುವಷ್ಟು ಕಾಯ್ದಿಡುವುದಿಲ್ಲವೇ? ಮೊದಲ ಸಿಂಪಡಣೆಗೆ ಮಾತ್ರ ತರಿಸಿ, ಎರಡನೆಯದಕ್ಕೆ ಆಮೇಲೆ ನೋಡೋಣ ಎಂದ ಕಾರ್ಯದರ್ಶಿಯನ್ನು ನಾವು ಮುಂದಿನ ವರ್ಷ ಆ ಕುರ್ಚಿಯಲ್ಲಿ ಕೂರಲು ಬಿಡುತ್ತೇವೆಯೇ?

ಗುಳೆ ಹೋಗುವವರ ವಿಚಾರದಲ್ಲಿ ಇನ್ನೊಂದು ತೊಡಕುಂಟು. ಯಾವ ಜಿಲ್ಲೆಗೆ ಎಷ್ಟು ಮಾತ್ರೆ ಎಂಬುದನ್ನು ಅಲ್ಲಿ ದಾಖಲಾದ ರೋಗಿಗಳ, ಹಿಂದಿನ ತಿಂಗಳುಗಳ ಖರ್ಚಿನ ಮೇಲೆ ಅಂದಾಜು ಮಾಡುತ್ತಾರೆ. ಯಲಬುರ್ಗಾದಲ್ಲಿ ಆಗಸ್ಟಿನಲ್ಲಿ ಚಿಕಿತ್ಸೆ ಆರಂಭಿಸಿದವಳು ನವೆಂಬರಿನಲ್ಲಿ ನಮ್ಮಲ್ಲಿಗೆ ಬರುತ್ತಾಳೆ. ಅವಳ ಕೊನೆಯ ಮೂರು ತಿಂಗಳ ಮಾತ್ರೆ ಯಲಬುರ್ಗಾದ ಕಪಾಟಿನಲ್ಲಿ ಇರುತ್ತದೆ; ಅವಳು ಮೂಡಿಗೆರೆಯಲ್ಲೋ ಸೋಮವಾರಪೇಟೆಯಲ್ಲೋ ಇರುತ್ತಾಳೆ. ಇಲ್ಲಿಯ ಕೇಂದ್ರದವರು ಜುಲೈ, ಆಗಸ್ಟಿನ ಖರ್ಚು ನೋಡಿ ತರಿಸಿದ ದಾಸ್ತಾನು ಕೊಯ್ಲುಗಾಲದಲ್ಲಿ ಬಂದಿಳಿಯುವ ಜನಕ್ಕೆ ಸಾಲುವಂಥದಲ್ಲ. ರೋಗಿಗಳ ಹೆಸರನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ನಿಕ್ಷಯ ಎಂಬ ವ್ಯವಸ್ಥೆ 2012ರಿಂದ ಇದೆ. ರೋಗಿಗೊಂದು ಸಂಖ್ಯೆಯಿದ್ದು, ಆ ಸಂಖ್ಯೆ ಹೇಳಿದರೆ ದೇಶದ ಯಾವ ಊರಿಗಾದರೂ ಚಿಕಿತ್ಸೆಯನ್ನು ವರ್ಗಾಯಿಸಬಹುದು. ವರ್ಗವಾಗುವುದು ಹೆಸರು, ಹೆಸರಿನ ಹಿಂದೆ ಮಾತ್ರೆಯೂ ವರ್ಗವಾಗಬೇಕು. ಹೊರಡುವಾಗಲೇ ಊರಿನ ಕೇಂದ್ರದವರು ಒಂದು ತಿಂಗಳ ಮಾತ್ರೆಯನ್ನು ಗಂಟಿಗೆ ಹಾಕಿ ಕಳುಹಿಸಿದರೆ ಇಲ್ಲಿಯವರಿಗೆ ಉಳಿದದ್ದನ್ನು ತರಿಸಿಕೊಳ್ಳಲು ಸಮಯ ಸಿಗುತ್ತದೆ.

ಇಲ್ಲಿಯೇ ನಮ್ಮ ಪಾತ್ರ ಬರುವುದು. ಎಷ್ಟು ಜನ, ಯಾವ ತಾಲ್ಲೂಕಿನಿಂದ, ಯಾವ ವಾರ ಬರುತ್ತಾರೆಂಬುದು ಆರೋಗ್ಯ ಇಲಾಖೆಗೆ ಗೊತ್ತಿಲ್ಲ, ನಮಗೆ ಗೊತ್ತು. ಮೇಸ್ತ್ರಿಗೆ ಮುಂಗಡ ಕೊಟ್ಟ ದಿನವೇ ಗೊತ್ತು. ಸಂಘದ ಸದಸ್ಯರೆಲ್ಲ ಅಕ್ಟೋಬರಿನಲ್ಲಿ ತಮ್ಮ ತಮ್ಮ ಅಂದಾಜನ್ನು ಕಛೇರಿಗೆ ಕೊಟ್ಟರೆ, ಕಾರ್ಯದರ್ಶಿಗಳು ಅದನ್ನು ಒಟ್ಟು ಮಾಡಿ ನಮ್ಮ ಜಿಲ್ಲೆಯ ಕ್ಷಯರೋಗ ಅಧಿಕಾರಿಗಳಿಗೂ ಕೊಪ್ಪಳ ಜಿಲ್ಲೆಯ ಕ್ಷಯರೋಗ ಅಧಿಕಾರಿಗಳಿಗೂ ಒಂದೊಂದು ಕಾಗದ ಬರೆಯಬಹುದು. ಯಾರ ಹೆಸರೂ ಬೇಡ, ರೋಗದ ಮಾತೂ ಬೇಡ; ಬರಿಯ ತಲೆಯೆಣಿಕೆ ಸಾಕು. ಇದಕ್ಕೆ ತಗಲುವ ಖರ್ಚು ಎರಡು ಅಂಚೆ ಲಕೋಟೆ.

ತೋಟದ ಮಟ್ಟದಲ್ಲಿ ಇನ್ನೊಂದು ಕೆಲಸವುಂಟು. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವ ದಿನ ರೈಟರು ಎಲ್ಲರಿಗೂ ಒಂದು ಪ್ರಶ್ನೆ ಕೇಳಲಿ: "ನೀವು ದಿನಾಲು ನುಂಗುವ ಯಾವುದಾದರೂ ಮಾತ್ರೆ ಇದೆಯೇ? ಎಂದಿಗೆ ಮುಗಿಯುತ್ತದೆ?" ಸಕ್ಕರೆ ಕಾಯಿಲೆಯೋ, ಬಿ.ಪಿ.ಯೋ, ಕ್ಷಯವೋ, ಅದು ಬೇಕಿಲ್ಲ. ಆ ತಾರೀಖಿಗೆ ಮೊದಲು ಕೂಲಿ ಹಿಡಿಯದೆ ಅರ್ಧ ದಿನ ಬಿಡುವು ಕೊಟ್ಟು ಜೀಪಿನಲ್ಲಿ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಹೀಗೆ ಕೇಳಿದರೆ ಆಳು ನಿಜ ಹೇಳುತ್ತಾನೆಯೇ ಎಂದರೆ, ನಿಜ ಹೇಳಿದವನನ್ನು ಮರುದಿನವೇ ಬಸ್ಸು ಹತ್ತಿಸಿದ ಉದಾಹರಣೆ ನಮ್ಮಲ್ಲಿ ಇಲ್ಲದಿದ್ದರೆ ಹೇಳುತ್ತಾನೆ. ಕ್ಷಯವೆಂದು ತಿಳಿದೊಡನೆ ಓಡಿಸುವುದು ದಡ್ಡತನ. ಸರಿಯಾದ ಔಷಧಿ ಕೆಲವು ವಾರ ಕ್ರಮವಾಗಿ ಹೊಟ್ಟೆಗೆ ಬಿದ್ದವನಿಂದ ರೋಗ ಹರಡುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಹರಡುವುದು ಔಷಧಿ ಆರಂಭಿಸದವನಿಂದ ಮತ್ತು ನಡುವೆ ನಿಂತವನಿಂದ. ಓಡಿಸುತ್ತಾರೆಂಬ ಹೆದರಿಕೆಯಿಂದ ಮುಚ್ಚಿಟ್ಟುಕೊಂಡು ಕೆಮ್ಮುವವನೇ ನಿಮ್ಮ ಲೈನುಮನೆಗೆ ಅಪಾಯ.

ಕಳೆದ ಸಭೆಯಲ್ಲಿ ಒಬ್ಬ ಹಿರಿಯ ಸದಸ್ಯರು, ಸಂಘದಿಂದಲೇ ಒಂದು ಔಷಧಿ ಅಂಗಡಿ ತೆರೆದು ಕ್ಷಯದ ಮಾತ್ರೆ ತಂದಿಡಬಾರದೇಕೆ ಎಂದಿದ್ದರು. ಸಹಕಾರಿ ಸಂಘಗಳು ಜನೌಷಧಿ ಕೇಂದ್ರ ತೆರೆಯಲು 2023ರಲ್ಲಿ ಅವಕಾಶವಾಗಿದೆ, ನಿಜ. ಬಿ.ಪಿ. ಮಾತ್ರೆಗೆ ಅದು ಒಳ್ಳೆಯದು. ಕ್ಷಯದ ಮಾತ್ರೆಯ ವಿಷಯದಲ್ಲಿ ನನ್ನ ವಿರೋಧವಿದೆ. ಅದು ಸರ್ಕಾರದ ಹೊಣೆ. ನಾವು ಬದಲಿ ಅಂಗಡಿ ಇಟ್ಟರೆ ಹೊಣೆ ಹೊತ್ತವರು ಹಗುರಾಗುತ್ತಾರೆ. ಅಂಗಡಿಯಲ್ಲಿ ಸಿಕ್ಕ ಬಿಡಿ ಮಾತ್ರೆಯನ್ನು ತೂಕ ನೋಡದೆ ಕೊಟ್ಟು ಕೆಡಿಸುವ ಅಪಾಯವೂ ಉಂಟು.

ಊಟದ ವಿಚಾರದಲ್ಲಿ ಮಾತ್ರ ನಾವು ಧಾರಾಳವಾಗಿ ಕೈ ಹಾಕಬಹುದು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರೋಗಿಯ ಮನೆಯವರಿಗೆ ತಿಂಗಳ ಪಡಿ ಕೊಟ್ಟಾಗ ಆ ಮನೆಯಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡ 39ರಷ್ಟು ಕಡಿಮೆಯಾಯಿತು. ಸರ್ಕಾರ ರೋಗಿಗೆ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಿತು. 2022ರಲ್ಲಿ ಆರಂಭವಾದ ನಿಕ್ಷಯ ಮಿತ್ರ ಯೋಜನೆಯಲ್ಲಿ ಸಹಕಾರ ಸಂಘಗಳೂ ರೋಗಿಗಳ ಪಡಿಯ ಹೊಣೆ ಹೊರಬಹುದು. ಬೇಳೆ, ಶೇಂಗಾ, ಎಣ್ಣೆ, ಮೊಟ್ಟೆಗೆ ನಮ್ಮ ಸಂಘದ ಧರ್ಮಾರ್ಥ ನಿಧಿ ಸಾಕು. ಆದರೆ ಪಡಿಯ ಚೀಲ ಕೊಡುವಾಗ ಭಾವಚಿತ್ರ ತೆಗೆಸಿ ಈ ಪತ್ರಿಕೆಯಲ್ಲಿ ಹಾಕಬಾರದೆಂದು ಸಂಪಾದಕರಲ್ಲಿ ಈಗಲೇ ಕೇಳಿಕೊಳ್ಳುತ್ತೇನೆ.

2025ರೊಳಗೆ ದೇಶದಿಂದ ಕ್ಷಯವನ್ನು ತೊಲಗಿಸುತ್ತೇವೆಂದು 2018ರಲ್ಲಿ ದೆಹಲಿಯಲ್ಲಿ ಘೋಷಣೆಯಾಗಿತ್ತು. ಆ ವರ್ಷ ಬಂದು ಹೋಯಿತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಇಂದಿಗೂ ನಮ್ಮ ದೇಶದವರೇ. ಘೋಷಣೆಗಳ ಬಗ್ಗೆ ನನಗೆ ಹೆಚ್ಚು ಹೇಳಬೇಕೆಂದಿಲ್ಲ. ಕುಷ್ಟಗಿಯ ಕಪಾಟಿನಲ್ಲಿ ಎಷ್ಟು ತಿಂಗಳ ಮಾತ್ರೆ ಇದೆ, ನಮ್ಮ ಹೋಬಳಿಯ ಕಪಾಟಿನಲ್ಲಿ ಎಷ್ಟಿದೆ ಎಂಬುದನ್ನು ಪ್ರತಿ ತಿಂಗಳು ಆಸ್ಪತ್ರೆಯ ಬಾಗಿಲಲ್ಲಿ ಸೀಮೆಸುಣ್ಣದಲ್ಲಿ ಬರೆದು ಹಾಕುವಂತಾದರೆ, ಮಂಡಿಯಲ್ಲಿ ದಿನದ ಧಾರಣೆ ಬರೆದು ಹಾಕಿದಂತೆ, ಅದರಿಂದ ಹೆಚ್ಚಿನ ಉಪಕಾರವಾದೀತು.

ಮುಂದಿನ ಸರ್ವಸದಸ್ಯರ ಸಭೆಗೆ ನಾನು ಒಂದು ನಿರ್ಣಯದ ಕರಡನ್ನು ಕಳಿಸಿದ್ದೇನೆ. ಚಿಕಿತ್ಸೆ ಆರಂಭವಾದ ದಿನವೇ ಪೂರ್ತಿ ಅವಧಿಯ ಮಾತ್ರೆಯನ್ನು ರೋಗಿಯ ಹೆಸರಿನಲ್ಲಿ ತೆಗೆದಿರಿಸಬೇಕು, ಗುಳೆ ಹೋಗುವವರ ಮಾತ್ರೆ ಅವರ ಹಿಂದೆಯೇ ಬರಬೇಕು ಎಂದು ರಾಜ್ಯದ ಆರೋಗ್ಯ ಇಲಾಖೆಯನ್ನು ಒತ್ತಾಯಿಸುವುದು ಅದರ ಮೊದಲ ಭಾಗ. ಅಕ್ಟೋಬರಿನ ತಲೆಯೆಣಿಕೆ ಎರಡನೆಯದು. ಇದನ್ನು "ಅಧ್ಯಕ್ಷರ ಅಪ್ಪಣೆಯಿಂದ ಬರುವ ಇತರ ವಿಷಯಗಳು" ಎಂಬ ತಲೆಬರಹದಡಿ, ಊಟದ ಎಲೆ ಹಾಕಿದ ಮೇಲೆ ಎತ್ತಿಕೊಳ್ಳದೆ, ಕಾರ್ಯಸೂಚಿಯ ಮೊದಲ ಪುಟದಲ್ಲಿಯೇ ಸೇರಿಸಬೇಕೆಂದು ಆಡಳಿತ ಮಂಡಳಿಯವರಲ್ಲಿ ವಿನಂತಿ. ಅಲ್ಲಿಯವರೆಗೆ, ಯಾರ ತೋಟದಲ್ಲಾದರೂ ಆಳಿನ ಮಾತ್ರೆ ಮುಗಿಯುತ್ತಾ ಬಂದು ಎಲ್ಲಿ ಕೇಳಬೇಕೆಂದು ತಿಳಿಯದಿದ್ದರೆ, ಹಣ ತೆರದೆ ಮಾತನಾಡಬಹುದಾದ ಸರ್ಕಾರದ ದೂರವಾಣಿ ಸಂಖ್ಯೆ 1800-11-6666. ಇದನ್ನು ಹಾಜರಿ ಪುಸ್ತಕದ ರಟ್ಟಿನ ಮೇಲೆ ಬರೆದಿಡುವಂತೆ ರೈಟರಿಗೆ ಹೇಳಿರಿ.